ಕರೀಲಾರದ ಬರೂದಿಲ್ಲ

ಸವಣೂರ ಸರ್ಕಾರಿ ದವಾಖಾನಿ, ರಾತ್ರಿ ಪಾಳಿ.
ಲ್ಯಾಬಿನಾಗ ಒಂದು ಟ್ಯೂಬ್‌ಲೈಟು ಸತ್ತೈತಿ,
ಇನ್ನೊಂದು ಸಾಯಾಕ ಮನಸಿಲ್ಲದ ಕಣ್ಣು ಮಿಟುಕಸತೈತಿ.
ಔಷಧ ಕೊಡೂ ಗೌಸ್‌ಮೊದ್ದೀನ ಚಾಚಾ ಕೊಟ್ಟ ಪುಸ್ತಕ,
ಹಾವೇರಿ ರದ್ದಿ ಅಂಗಡ್ಯಾಗ ತೂಕಕ್ಕ ತಂದಿದ್ದು.
ರಟ್ಟಿಲ್ಲ. ಮೊದಲಿನ ಎಂಟು ಪುಟ ಇಲ್ಲ.
ಬರದಾಂವ ಯಾರೋ, ಕನ್ನಡಕ್ಕ ತಂದಾಂವ ಯಾರೋ,
ಒಂಬತ್ತನೇ ಪುಟದಾಗ ಆಗಲೇ ಒಬ್ಬ ಸತ್ತಾನ.

ಹಿಮ ಬೀಳೂ ಸಣ್ಣ ಊರು. ಒಂದು ಚರ್ಚು, ಒಂದು ಕಟ್ಟಿಗಿ ಅಡ್ಡೆ.
ಎಲ್ಲಾರ ಸುದ್ದೀನೂ ಎಲ್ಲಾರಿಗೂ ಗೊತ್ತು,
ಹಿಂಗಾಗಿ ಯಾರಿಗೂ ಏನೂ ಕಾಣೂದಿಲ್ಲ.
ಹಾಲಿನಾಂವ ಬರಲಿಲ್ಲ, ಅಂದ್ರ ಜ್ವರ ಇರಬೇಕು.
ಕಟಿಂಗ ಅಂಗಡಿ ತಗೀಲಿಲ್ಲ, ಅಂದ್ರ ಮಗಳ ಊರಿಗೆ ಹೋಗ್ಯಾನ.
ಹದಿನೈದು ದಿನದಾಗ ಅರ್ಧ ಊರು
ಹಗಲೆಲ್ಲಾ ಪರದೆ ಎಳಕೊಂಡು ಮಲಗತೈತಿ.
ಇದನ್ನ ನಂಬಾಕ ನನಗ ತ್ರಾಸಾಗಲಿಲ್ಲ,
ನಮ್ಮ ತಾಲೂಕಿಗೆ ಡೆಂಗಿ ಹಿಂಗ ಬರತೈತಿ.

ನಗೂನೂ ಬಂತು.
ಬೆಳ್ಳೊಳ್ಳಿ ಕಂಡ್ರ ಓಡತಾನಂತ ಅಂವ!
ಸಾವಂತ್ರಿಕಾಕಿ ಕುಟ್ಟೂ ಕೆಂಪು ಖಾರದ ಘಾಟಿಗೆ
ಬಂಕಾಪುರದಾಗ ಬಸ್ಸಿಳದು ಹೊಳ್ಳಿ ಹತ್ತತಿದ್ದ.
ಬಾಯಿ ಕೆಂಪಗಿದ್ದಾರನ್ನ ಸಂಶಯದ ಮ್ಯಾಲ ಹಿಡೀತಾರ ಅಲ್ಲೆ.
ಈ ಎಲಿಬಳ್ಳಿ ಊರಾಗ ಹಿಡೀರಿ ನೋಡೋಣು,
ಕೋರ್ಟಿನ ಕಾರಕೂನನಿಂದ ಹಚ್ಚಿ
ನಮ್ಮ ದೊಡ್ಡ ನರ್ಸಮ್ಮನ ತನಕಾ ಒಬ್ಬರೂ ಉಳಿಯೂದಿಲ್ಲ.

ಹೊರಗ ನಾಯಿ ಊಳಿಟ್ಟಿತು.
ಕತ್ತಲಿ, ಮಠದ ದೊಡ್ಡಹುಣಸಿ ಬುಡದಷ್ಟು ದಪ್ಪ.

ಆಮ್ಯಾಲ ನೂರಾ ಮೂವತ್ತೊಂದನೇ ಪುಟ.
ಟಪಾಲು ಹಂಚೂ ಮುದುಕಿ ಪಾದ್ರಿಗೆ ಹೇಳತಾಳ:
ಕರೀಲಾರದ ಅಂವ ಒಳಗ ಬರೂದಿಲ್ಲ.
ಎಷ್ಟ ಹಸಿವಿದ್ರೂ ಹೊಸ್ತಿಲ ಹೊರಗ ನಿಂದರತಾನ.
ಮನಿಯಾರು 'ಬಾ' ಅನ್ನೂತನಕಾ ನಿಂದರತಾನ.

ಪುಸ್ತಕದಾಗ ಬಟ್ಟಿಟ್ಟು ಮುಚ್ಚಿದೆ.

ಹನ್ನೆರಡು ವರ್ಷಾತು, ನಾ ಮನಿಮನಿಗೆ ಹೋಗಿ
ಬಟ್ಟಿಗೆ ಸೂಜಿ ಚುಚ್ಚಿ
ಗಾಜಿನ ಪಟ್ಟಿ ಮ್ಯಾಲ ರಕ್ತ ತರಾಕ ಹತ್ತಿ.
ಜ್ವರ ಬಂದಾರ ಯಾದಿ. ಕೆಳಗ ಸಹಿ: ಹುಲಿಗೆವ್ವ ಮಾದರ.
ಮ್ಯಾಗಳ ಓಣ್ಯಾಗ ಕಟ್ಟಿ ಕೆಳಗ ನಿಂತು ಕೂಗತೇನಿ,
ಯಾರರ ಜ್ವರದಾಗ ಮಲಗ್ಯಾರೇನ್ರೀ?
ಹೊರಗ ಬರತಾರ. ಕೈ ಚಾಚತಾರ.
ಬಟ್ಟು ಹಿಡೀಬೇಕಲ್ಲ, ಆ ಮುಟ್ಟಿದ್ದು ಲೆಕ್ಕಕ್ಕಿಲ್ಲ.
ರಕ್ತ ಲಗೂನ ಕೊಡತಾರ.
ನೀರು ಕೇಳಿದ್ರ, ಒಳಗಿಂದ ತಂಬಿಗಿ ಬರೂದು ತಡ.
ನನ್ನ ಹಿಂದ ಬಂದ ಡಾಕ್ಟರಿಗೆ
ಒಳಗ ಬರ್ರಿ, ಖುರ್ಚಿ ತರ್ರಿ, ಚಾ ಇಡ್ರಿ.
ಯಾರ ರಕ್ತದಾಗ ಏನೈತಿ ನನಗ ಗೊತ್ತು,
ಯಾರ ಅಡಗಿಮನಿ ಯಾವ ದಿಕ್ಕಿಗೈತಿ ಗೊತ್ತಿಲ್ಲ.

ನಾಕು ಹೊಡ್ಯೂದ್ರಾಗ ಪುಸ್ತಕ ಮುಗೀತು.
ಎದಿಗೆ ಗೂಟ ಬಡದ್ರು ಅಂವಗ, ಗಂಟಿ ಬಾರಿಸಿದ್ರು.
ಓದೂ ಮಂದಿ ಉಸ್ಸಂತ ಉಸಿರು ಬಿಡಬೇಕಾದ ಜಾಗಾ ಅದು.
ನನಗ ಮಾತ್ರ, ಮೊದಲನೇ ರಾತ್ರಿ ಅಂವ
ಟೊಪಗಿ ಕೈಯಾಗ ಹಿಡಕೊಂಡು ಬಾಗಲದಾಗ ನಿಂತಿದ್ದ ಹೊತ್ತು
ಹೊಳ್ಳಿ ಹೊಳ್ಳಿ ನೆನಪಾತು.
ಒಳಗ ದೀಪ, ಸುಟ್ಟ ರೊಟ್ಟಿ ವಾಸನಿ. ಹೊರಗ ಹಿಮ.
ಕೇಡಿ, ಖರೆ. ಹಸುಗೂಸನ್ನೂ ಬಿಡಲಿಲ್ಲ, ಮಾಫಿ ಇಲ್ಲ ಅದಕ್ಕ.
ಆದ್ರ ಹೊರಗ ನಿಂದರೂದು ಅಂದ್ರೇನಂತ
ಆ ಪುಸ್ತಕದಾಗ ಅಂವೊಬ್ಬಗ ಗೊತ್ತಿತ್ತು.

ಬೆಳಕು ಹರಿಯೂ ಹೊತ್ತಿಗೆ ಬಾಗಲ ಸಪ್ಪಳ.
ಮ್ಯಾಗಳ ಓಣಿ ಚನ್ನಬಸಮ್ಮ,
ಕಂಬಳ್ಯಾಗ ಸುತ್ತಿದ ಮೊಮ್ಮಗನ್ನ ಎತಗೊಂಡು ನಿಂತಾಳ,
ಕೂಸಿನ ಮೈ ಕೆಂಡ.
ಬಿಳೇ ಫರಶಿ, ತನ್ನ ರಾಡಿ ಕಾಲು ನೋಡಿ ಹಿಂಜರದು
'ಒಳಗ ಬರಲೇನವಾ?' ಅಂದ್ಲು.

ಎರಡು ಉಸಿರು ಸುಮ್ಮನಿದ್ದೆ.
ಎರಡೇ. ಎಣಿಸೇನಿ.
ಆಮ್ಯಾಲ, ಕಾಲಿರಲಿ, ಬರ್ರಿ ಅಂದೆ, ಬರ್ರಿ.