ಎಪ್ಪತ್ತರ ಗುಡ್ಡೆ

ಶಿಡ್ಲಘಟ್ಟ ತಾಲ್ಲೂಕಿನ ಮರಣ ರಿಜಿಸ್ಟರಿನಲ್ಲಿ
ಅರವತ್ತೊಂಬತ್ತಕ್ಕೆ ಹೋದವರು ಮೂರೇ ಜನ,
ಎಪ್ಪತ್ತೊಂದಕ್ಕೆ ಇಬ್ಬರು,
ಎಪ್ಪತ್ತಕ್ಕೆ ಮಾತ್ರ ನೂರ ಹದಿನಾಲ್ಕು.
ಯಮನಿಗೇನು ಸೊನ್ನೆಯ ಚಟವೇ?

ಇಲ್ಲ. ಬರೆಸುವವರ ಬಾಯಿಗೆ ಸೊನ್ನೆ ಸಲೀಸು.
ವಯಸ್ಸೆಷ್ಟು ಅಂದರೆ
ಮಗ ಅಳಿಯನ ಮುಖ ನೋಡುತ್ತಾನೆ,
ಅಳಿಯ ಫ್ಯಾನಿನ ಕಡೆ:
'ಒಂದು ಎಪ್ಪತ್ತು ಹಾಕ್ಕೊಳ್ಳಿ ಮೇಡಂ.'

ಆ ಗುಡ್ಡೆ ಹರಡುವುದು ನನ್ನ ಸಂಬಳದ ಕೆಲಸ.
ಕಣದಲ್ಲಿ ರಾಗಿ ಕೈಯಾಡಿಸಿದ ಹಾಗೆ
ಅತ್ತ ಇಪ್ಪತ್ತು, ಇತ್ತ ಹದಿನೆಂಟು.
ಪರದೆಯ ಮೇಲೆ ಗೆರೆ ನುಣ್ಣಗಾಗುತ್ತದೆ.
ಕಿಟಕಿಯಾಚೆ ನವಾಜ಼್ ಸಾಬರ ಬಾಣಲೆಯಲ್ಲಿ
ಗೂಡು ಬೇಯುವ ವಾಸನೆ.
ನೂಲು ನಯವಾಗಬೇಕಾದರೆ ಒಳಗಿನದು ಮೊದಲು ಸಾಯಬೇಕು,
ಈ ಊರಲ್ಲಿ ಅದನ್ನು ಯಾರಿಗೂ ಹೇಳಿಕೊಡಬೇಕಿಲ್ಲ.

ಕೋಷ್ಟಕದ ಮೊದಲ ಸಾಲಲ್ಲಿ
ಒಂದು ಲಕ್ಷ ಕೂಸು ಒಂದೇ ಗಳಿಗೆಗೆ ಹುಟ್ಟುತ್ತವೆ.
ಬೇನೆಯಿಲ್ಲ, ಹೆಸರಿಲ್ಲ, ಬಾಣಂತಿ ಖಾರವಿಲ್ಲ.
ಸಾಲು ಸಾಲಿಗೂ ಅಷ್ಟಷ್ಟು ಉದುರುತ್ತಾ
ಐವತ್ತರ ತನಕ ಹೇಗೋ ಗುಂಪಾಗೇ ನಡೆದು
ಆಮೇಲೆ ಸಂತೆ ಕರಗಿದಂತೆ ಕರಗುತ್ತವೆ.
ಕೊನೆಯ ಸಾಲು: 'ಎಂಬತ್ತೈದು ಮತ್ತು ಮೇಲ್ಪಟ್ಟು'.
ಅದು ಹಿಂಗೋಡೆಯಿಲ್ಲದ ಕೋಣೆ.

ಪರಿಶೀಲನೆಗೆಂದು ಜಂಗಮಕೋಟೆ ಕಡೆ ಹೋದೆ.
ಪಿಳ್ಳನಾರೆಮ್ಮ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು.
'ನಾಲ್ಕನೇ ಜ್ವರ ಎದ್ದು ಮೂರು ದಿನ, ಒಂದು ಹೊತ್ತು'
ಹುಳದ ವಯಸ್ಸು ಅಷ್ಟು ಕರಾರುವಾಕ್ಕು.
ತನ್ನದು ಗೊತ್ತಿಲ್ಲ.
ಅಕ್ಕ ದೊಡ್ಡನಾರೆಮ್ಮನದು, ಎಪ್ಪತ್ತು, ರಿಜಿಸ್ಟರಿನ ಪ್ರಕಾರ.
'ಎಪ್ಪತ್ತಾ? ಯಾವನಂದೋನು?
ಅವಳು ಮೈನೆರೆದ ವರ್ಷ ಊರಿಗೆ ಕರೆಂಟು ಬಂತು.
ಕಂಬಕ್ಕೆ ಕುಂಕುಮ ಇಟ್ಟೋಳೇ ಅವಳು.
ಓದಿದೋಳು ನೀನು, ಹಾಕ್ಕೊ ಲೆಕ್ಕ.'

ವಿದ್ಯುತ್ ಕಚೇರಿಯ ಗೆದ್ದಲು ಬಿಟ್ಟ ಕಡತ ತೆಗೆಸಿ
ಹಾಕಿದೆ. ಅರವತ್ತಾರು.
ನಾಲ್ಕು ವರ್ಷ ಸರ್ಕಾರ ಧಾರಾಳವಾಗಿ ದಯಪಾಲಿಸಿತ್ತು,
ಸತ್ತ ಮೇಲೆ.

ಹೋದದ್ದು ಎರಡನೇ ಅಲೆಯ ವೈಶಾಖದಲ್ಲಿ.
ಮೇಲಿನ ಕಚೇರಿಯ ಪರಿಣತರ ಸಲಹೆ ಬಂದಿದೆ:
ಆ ಎರಡು ವರ್ಷ ತೆಗೆದುಬಿಡಿ,
ಗೆರೆ ಅಲ್ಲಿ ನೆಗೆಯುತ್ತದೆ, ಮುನ್ನೋಟ ಕೆಡುತ್ತದೆ.
ಗೆರೆ ಅಲ್ಲಿ ನೆಗೆಯಲಿಲ್ಲ ಸ್ವಾಮಿ,
ಆಟೋದಲ್ಲಿ ಮಲಗಿತ್ತು, ಮೂರು ಆಸ್ಪತ್ರೆ ಸುತ್ತಿತು.

'ಅವಳ ಚೊಚ್ಚಲು ಕೂಸು ಬರ್ಕೊಂಡಿದೀರಾ?
ಹೆಸರಿಡೋಕೆ ಮುಂಚೇನೇ ಹೋಯ್ತಲ್ಲ.'
ಇಲ್ಲಮ್ಮ. ಅಂಥವಕ್ಕೆ ಒಂದು ಗುಣಕ ಇದೆ,
ಮೊತ್ತವನ್ನು ಅದರಿಂದ ಗುಣಿಸುತ್ತೇವೆ.
ದಶಾಂಶದ ಬಿಂದುವಿನ ಆಚೆ ಎಲ್ಲೋ
ಆ ಕೂಸು ಇರಬೇಕು.
ಇದನ್ನು ಅವಳಿಗೆ ಹೇಳಲಿಲ್ಲ.

ಮುಂದಿನ ಮೂವತ್ತು ವರ್ಷ ಹೇಗೆ ಅಂದಳು.
ನೆಲದ ಧೂಳಲ್ಲಿ ಬೆರಳಿಂದ ಬರೆದೆ:
ಇಲ್ಲಿಯ ತನಕ ಒಂದೇ ಗೆರೆ, ಇಲ್ಲಿಂದಾಚೆ ಎರಡು,
ದೂರ ಹೋದಷ್ಟೂ ಅಗಲ.
'ಮೊರ ಅಲ್ವಾ ಇದು!' ನಕ್ಕಳು.
'ಮೊರ ಸರಿ. ಕೇರೋರು ಯಾರು?'

ಆಮೇಲೆ, ಸೊಪ್ಪು ಹುಳಕ್ಕೆ ಚೆಲ್ಲುತ್ತಾ,
'ನನ್ನ ಬಗ್ಗೆ ಏನಂತದೆ?'
ನಿಮ್ಮ ಬಗ್ಗೆ ಏನೂ ಅನ್ನಲ್ಲ. ನಿಮ್ಮಂಥ ಸಾವಿರ ಜನರ ಬಗ್ಗೆ.
'ಹಾಗಾದ್ರೆ ಆ ಸಾವಿರ ಜನ ನೋಡ್ಕೊಳ್ಲಿ.
ನೀನು ಮಜ್ಜಿಗೆ ಕುಡಿ.'

ಸಂಜೆ ಆಫೀಸಿಗೆ ಬಂದು
ಆ ಎರಡು ವರ್ಷ ಇರಲೇಬೇಕು ಅಂತ ಷರಾ ಬರೆದೆ.
ಒಪ್ಪುತ್ತಾರೋ ಇಲ್ಲವೋ.
ಎಪ್ಪತ್ತರ ಗುಡ್ಡೆಯಿಂದ ಒಬ್ಬಳನ್ನು
ಕೈಹಿಡಿದು ಇಳಿಸಿದೆ.
ನೂರ ಹದಿಮೂರು.