ಒಂದು ಸಿಳ್ಳಿಗೆ ಸಿಗೋಣ

ಮೂವತ್ತಾರು ಅಡಿಯ ಸಂಸಾರ ನಮ್ಮದು.
ಮೂತಿಯಲ್ಲಿ ಲಂಗರು, ಹಿಂದುಗಡೆ ಡಬ್ಬಿಯಲ್ಲಿ
ಹೇಗೋ ಬದುಕಿದ ಒಂದು ಟೊಮೆಟೊ ಗಿಡ,
ನಡುವೆ, ನೆಲದ ಹಲಗೆಯಡಿ, ಇಂಜಿನ್ನು.
ನಾವು ಉಣ್ಣುವುದು ಅದರ ನೆತ್ತಿಯ ಮೇಲೆ.

ಟ್ರಾಲರಿನ ಹೆಸರು 'ಸೆಕೆಂಡ್ ಗೇರ್'. ಇಟ್ಟವನು ವರ್ಲಿನ್,
ಮೂವತ್ತೊಂದು ವರ್ಷ ಅಯೋವಾದ ಜೋಳದ ಕಣಜಗಳಲ್ಲಿ
ಯಂತ್ರ ರಿಪೇರಿ ಮಾಡಿದವನು.
ಅವಸರ ಅಂದರೆ ಈಗ ಮೈ ತುರಿಸುತ್ತದೆ ಅವನಿಗೆ.
ಗಂಟೆಗೆ ಎಂಟು ಮೈಲಿ. ದಡದಲ್ಲಿ ಸೈಕಲ್ ತುಳಿಯುತ್ತಿದ್ದ ಹುಡುಗಿ
ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ, ನಕ್ಕು ಹೋದಳು.

ಮನೆ ಮಾರುವಾಗ ಎಲ್ಲ ಕೊಟ್ಟೆ, ಎರಡು ಬಾಣಲೆ ಬಿಟ್ಟು.
ಇಲ್ಲಿ ಒಂದು ತಟ್ಟೆ ಒಳಗೆ ಬಂದರೆ
ಇನ್ನೊಂದು ಹೊರಗೆ ಹೋಗಬೇಕು.
ನೀರಿಗೂ ಲೆಕ್ಕ: ಪಾತ್ರೆಗೆ ಒಂದು ಚೊಂಬು, ಕೂದಲಿಗೆ ಮೂರು.
ಮಾತಿಗೂ ಲೆಕ್ಕ ಬಂದದ್ದು ಯಾವಾಗಲೋ, ತಿಳಿಯಲಿಲ್ಲ.

ಟಾಂಬಿಗ್ಬಿ ನದಿಯಲ್ಲಿ ನೀರಿನ ಮೆಟ್ಟಿಲು ಇಳಿಯಬೇಕು.
ಕಾಂಕ್ರೀಟಿನ ತೊಟ್ಟಿ ಹೊಕ್ಕು, ತೇಲುವ ಗೂಟಕ್ಕೆ ಹಗ್ಗ ಸುತ್ತಿ ನಿಂತರೆ
ಯಾರೋ ತಳದ ಬಿರಡೆ ತೆಗೆದ ಹಾಗೆ
ಆಕಾಶ ಮೇಲೆ ಮೇಲೆ ಹೋಗುತ್ತದೆ.
ಪಾಚಿಗೋಡೆ ಬೆಳೆಯುತ್ತದೆ. ಗೂಟ ಗೋಡೆಗೆ ಉಜ್ಜುತ್ತ
ಈಯುವ ಹಸುವಿನಂತೆ ನರಳುತ್ತದೆ.
ಮೊದಲ ಸರದಿ ಸರಕಿನವರದು. ಒಮ್ಮೆ ಮೂರು ಗಂಟೆ ಕಾದೆವು,
ನಮಗಿಂತ ಮುಂಚೆ ಬಂದಿದ್ದ ಕೊಕ್ಕರೆಯ ಹಿಂದೆ.

ರೇಡಿಯೋ ಅವನದು, ಲಂಗರು ನನ್ನದು. ಯಾರೂ ಕೂತು ಹಂಚಿದ್ದಲ್ಲ.
ನಾನು ಮೂತಿಯಲ್ಲಿ ನಿಂತು ಎಡ ಅಂದರೆ ಅವನು ಬಲ.
ಕೈಯೆತ್ತಿ ನಿಲ್ಲಿಸು ಅಂದರೆ
ಅವನೂ ಕೈಯೆತ್ತಿ ಟಾಟಾ ಮಾಡುತ್ತಿದ್ದ.
ಕೇಳಿಯೂ ಕೇಳದ ಗಂಡಸು ಎಂದು ಹಲ್ಲು ಕಚ್ಚಿದೆ,
ಕಚ್ಚಿ ಕಚ್ಚಿ ಸವೆದ ಹಲ್ಲು.

ಡಿಮಾಪೊಲಿಸ್ ದಾಟಿದ ಎರಡನೇ ದಿನ, ತಿರುವಿನಾಚೆಯಿಂದ
ಕಾಕಂಬಿಯಂಥ ದಕ್ಷಿಣದ ದನಿ:
"ಕೆಳಕ್ಕೆ ಬರುವ ಸೆಕೆಂಡ್ ಗೇರ್, ಒಂದು ಸಿಳ್ಳಿಗೆ ಸಿಗೋಣ."
ಒಂದು ಅಂದರೆ ಎಡಕ್ಕೆ ಎಡ. ಎರಡು ಅಂದರೆ ಬಲಕ್ಕೆ ಬಲ.
ಈ ನದಿಗೆ ಇರುವುದು ಅಷ್ಟೇ ವ್ಯಾಕರಣ.
"ಆಗಲಿ, ಎರಡು" ಎಂದ ವರ್ಲಿನ್, ಚಕ್ರ ಎಡಕ್ಕೆ ಹೊರಳಿಸಿದ.

ತಿರುವಿನಿಂದ ಹೊರಬಂತು:
ಆರು ಬಾರ್ಜು, ಒಂದು ಬೀದಿಯಷ್ಟು ಉಕ್ಕು.
"ಒಂದು! ಒಂದು!" ಎನ್ನುತ್ತಿತ್ತು ರೇಡಿಯೋ.
ಓಡಿಬಂದು ಚಕ್ರ ಕಿತ್ತುಕೊಂಡು ಬಲಕ್ಕೆ ಎಳೆದೆ.

ಮರಳು.
ತಟ್ಟೆಗಳೆಲ್ಲ ಒಂದೇ ಉಸಿರಿಗೆ ಮುಂದಕ್ಕೆ ಬಂದವು.
ಟೊಮೆಟೊ ಮಗುಚಿಕೊಂಡಿತು. ನಾವು ಹೂತು ನಿಂತಿದ್ದೇವೆ,
ಆ ಉಕ್ಕಿನ ಬೀದಿ ನಮ್ಮ ಎಡಕ್ಕೆ
ಮುಗಿಯದೆ, ಮುಗಿಯದೆ ಹಾದುಹೋಗುತ್ತಿದೆ.
ಮೇಲೆ ಗಾಜಿನ ಗೂಡಿನಲ್ಲಿ ಯಾರೋ ಟೋಪಿ ಎತ್ತಿದರು.
ಅದರ ಬಾಲಕ್ಕೆ ಬರುವ ಅಲೆಗೆ ನಾನು ಹೆದರಿ ಕೂತಿದ್ದೆ.
ಅದೇ ಬಂದು ನಮ್ಮ ಕಂಕುಳಿಗೆ ಕೈಹಾಕಿ
ಎತ್ತಿ, ನಡುನೀರಿಗೆ ಇಟ್ಟು ಹೋಯಿತು.

ಆ ರಾತ್ರಿ ಒಂದು ಕವಲಿನಲ್ಲಿ ಲಂಗರು ಇಳಿಸಿ
ಕ್ಯಾಟ್‌ಫಿಶ್ ಹುರಿದೆ. ಅವನು ಮುಳ್ಳು ಬಿಡಿಸುತ್ತ, ತಲೆ ಎತ್ತದೆ:
"ಎರಡು ವರ್ಷ ಆಯಿತು, ಆರ್ಡಿತ್. ಬಲಗಿವಿಯಲ್ಲಿ
ಇಂಜಿನ್ ಒಂದೇ ಕೇಳುತ್ತದೆ.
ಆಫ್ ಮಾಡಿದ ಮೇಲೂ."
ಏನು ಹೇಳಲಿ? ಇನ್ನೊಂದು ತುಂಡು ಬಡಿಸಿದೆ.
ನನ್ನ ತಟ್ಟೆ ಎತ್ತಿಕೊಂಡು
ಅವನ ಎಡಕ್ಕೆ ಬಂದು ಕೂತೆ.

ಈಗ ರೇಡಿಯೋ ನನ್ನದು. ಮೊದಲ ದಿನ
ಗುಂಡಿ ಒತ್ತಲು ಮರೆತು ಇಡೀ ವಾಕ್ಯ ಕಿಟಕಿಗೆ ಹೇಳಿದ್ದೆ.
ಸಮುದ್ರಕ್ಕೆ ಇನ್ನು ಎಂಬತ್ತು ಮೈಲಿ. ಬೆಳಗಿನ ಮಂಜು.
ಮಂಜಿನೊಳಗೆ ಎಲ್ಲೋ ಒಂದು ಭಾರವಾದ ಗುಡುಗುಡು.

"ಮೇಲಕ್ಕೆ ಬರುವ ಕ್ಯಾಪ್ಟನ್, ಇದು ಸೆಕೆಂಡ್ ಗೇರ್.
ಒಂದು ಸಿಳ್ಳಿಗೆ ಸಿಗೋಣ."
ಸ್ವಲ್ಪ ಹೊತ್ತು ಬರೀ ಗರಗರ. ಆಮೇಲೆ,
"ಆಗಲಿ ತಾಯೀ, ಒಂದು."

ನಾನು ಒಂದು ಬೆರಳು ಎತ್ತುತ್ತೇನೆ.
ಚಕ್ರ ಹಿಡಿದ ವರ್ಲಿನ್ ನದಿ ಬಿಟ್ಟು
ಬೆರಳನ್ನೇ ನೋಡುತ್ತ
ಬಲಕ್ಕೆ ಸರಿಯುತ್ತಾನೆ.