ಇಲ್ಲ ಎಂಬುದು ಕೊನೆಗೆ ಬರುತ್ತದೆ

ಗ್ರಿಮ್ಸ್‌ಬಿಯ ಈ ಮನೆಯಲ್ಲಿ ವೈಫೈ
ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತದೆ.
ರೂಟರ್ ಇರುವುದು ಕೆಳಗೆ, ಬಾಗಿಲ ಪಕ್ಕ,
ಡೋರೀನಳ ಕೆಸರು ಬೂಟುಗಳ ಗೂಡಿನಲ್ಲಿ.
ನಾನಿರುವುದು ಮೂರನೇ ಅಂತಸ್ತಿನ ಓರೆ ಸೂರಿನಡಿ,
ತಲೆಗೆ ಹೆಡ್‌ಫೋನು, ಕಾಲಿಗೆ ಎರಡು ಜೊತೆ ಕಾಲುಚೀಲ,
ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಕೆಲಸ,
ಗಂಟೆಗೆ ಹದಿನೆಂಟು ಪೌಂಡು.

ಕಳೆದ ಮಂಗಳವಾರ, ಲೆಸ್ಟರಿನ ಆಸ್ಪತ್ರೆಯಿಂದ
ನೀಲಗಂಗವ್ವ. ಸಕ್ಕರೆ ಕಾಯಿಲೆ.
ಎಡಗಾಲಿನ ಎರಡು ಬೆರಳು ಕಪ್ಪು.
ಕೊಯ್ದು ತೆಗೆಯಬಹುದೇ, ಎಂದರು ಡಾಕ್ಟರು.
ಕೇಳಿದೆ. ಆಕೆ ಕಿಟಕಿಯತ್ತ ನೋಡುತ್ತ
"ಬೆರಳು ತಗ್ಯಾಕ ನನ್ನ ಒಪ್ಪಿಗಿ..."
ಅಷ್ಟಕ್ಕೆ ಪರದೆ ಕಲ್ಲಾಯಿತು,
ಬಾಯಿ ಅರ್ಧ ತೆರೆದೇ ಇತ್ತು.

ನಮ್ಮ ಭಾಷೆಯ ಚಾಳಿ ನಿಮಗೆ ಗೊತ್ತು.
ಇಂಗ್ಲಿಷಿನವರು ಬಾಗಿಲಲ್ಲೇ ಬೇಡ ಅಂದುಬಿಡುತ್ತಾರೆ.
ನಾವು ಕೂರಿಸಿ, ನೀರು ಕೊಟ್ಟು, ಊರುಕೇರಿ ವಿಚಾರಿಸಿ,
ಹೊರಡುವಾಗ ಅನ್ನುತ್ತೇವೆ: ಇಲ್ಲ.

ನಾಲ್ಕು ಸೆಕೆಂಡು. ಚಿತ್ರ ಮರಳಿದಾಗ
ಡಾಕ್ಟರು ನನಗಾಗಿ ಕಾಯುತ್ತಿದ್ದರು.
ಬಾಲ ತುಂಡಾದ ಮಾತನ್ನು
ಒಪ್ಪಿಗೆ ಎಂದೇ ದಾಟಿಸಿದೆ.
ಪೆನ್ನು ಕಾಗದ ಮುಟ್ಟಿತು.
ಪೆನ್ನಿನ ಭಾಷೆಗೆ ದುಭಾಷಿ ಬೇಕೇ,
ಆಕೆಯ ಕೈ ಅಡ್ಡ ಬಂತು.
ಬಳೆಗಳ ಸದ್ದೊಂದು ಮಾತ್ರ ಪೂರ್ತಿ ಬಂತು.

ಮರುದಿನ ಫ್ರೀಮನ್ ಬೀದಿಯಲ್ಲಿ
ಹನ್ನೊಂದು ಪೌಂಡಿಗೊಂದು ಅಡಾಪ್ಟರು,
ಬೆಂಕಿಪೊಟ್ಟಣದಷ್ಟು. ಒಂದು ತುದಿಗೆ ಯುಎಸ್‌ಬಿ ನಾಲಿಗೆ,
ಇನ್ನೊಂದಕ್ಕೆ ಚೌಕ ಬಾಯಿ.
ನನ್ನ ಲ್ಯಾಪ್‌ಟಾಪು, ತೆಳ್ಳಗಾಗುವ ಚಪಲಕ್ಕೆ
ತಂತಿಯ ತೂತನ್ನೇ ಬಿಟ್ಟುಕೊಟ್ಟದ್ದು.
ಇಪ್ಪತ್ತು ಮೀಟರ್ ಕೇಬಲ್ಲು ಹಾಸುತ್ತ
ಮೂರು ಮಹಡಿ ಮಂಡಿಯೂರಿ ಇಳಿದೆ.
ಡೋರೀನ್ ಟೇಪು ಕತ್ತರಿಸಿ ಕೊಟ್ಟಳು,
ನನ್ನ ಹೊಣೆಯಲ್ಲ ಎಂದು ಶುರುಮಾಡಿ
ನಾಯಿ ಕಡಿದರೆ ಎಂದು ಮುಗಿಸಿದಳು.

ಚುಚ್ಚಿದೆ. ಏನೂ ಆಗಲಿಲ್ಲ.
ಗುರುತಿಲ್ಲದ ಸಾಧನ ಎಂದಿತು ಪರದೆ,
ಡ್ರೈವರ್ ಇಳಿಸಿಕೋ ಎಂದಿತು;
ಇಳಿಸಲು ಅದೇ ಬಡಕಲು ವೈಫೈಯೇ ಗತಿ.
ಮುಕ್ಕಾಲು ಗಂಟೆ ಚಕ್ರ ತಿರುಗಿತು, ಚಹಾ ಆರಿತು.
ಮತ್ತೆ ಚುಚ್ಚಿದೆ. ಕೊಕ್ಕೆ ಟಕ್ ಅಂತು.
ಹಸಿರು ಚುಕ್ಕಿಯೊಂದು ಎದ್ದು ನಿಂತಿತು,
ಪಕ್ಕದ ಕಿತ್ತಳೆ ಚುಕ್ಕಿ ರೆಪ್ಪೆ ಬಡಿಯತೊಡಗಿತು.
ವೈಫೈ ಆರಿಸಿದೆ.

ಇವತ್ತು ಮತ್ತೆ ನೀಲಗಂಗವ್ವ.
ಹೊಸ ಡಾಕ್ಟರು, ಅದೇ ಪ್ರಶ್ನೆ; ಬೆರಳು ಈಗ ಮೂರು.
ಆಕೆ "ನನ್ನ ಒಪ್ಪಿಗಿ" ಎಂದು
ನಿಲ್ಲಿಸಿದಳು.
ಅಡಾಪ್ಟರಿನತ್ತ ನೋಡಿದೆ. ಹಸಿರು ಹಸಿರಾಗೇ ಇದೆ.
ಆಕೆಯ ಹಿಂದೆ ಗೋಡೆ ಗಡಿಯಾರದ ಮುಳ್ಳು ಓಡುತ್ತಿದೆ,
ಸೆರಗಿನ ತುದಿ ಬೆರಳಲ್ಲಿ ಸುತ್ತಿಕೊಳ್ಳುತ್ತಿದೆ, ಬಿಚ್ಚುತ್ತಿದೆ.
ಈ ಮೌನ ತಂತಿಯದಲ್ಲ.

ಹಲೋ, ಅಂದರು ಡಾಕ್ಟರು, ಲೈನ್ ಇದೆಯಾ?
ಇದೆ, ಅಂದೆ. ತಡೆಯಿರಿ.
ವಾಕ್ಯ ಇನ್ನೂ ಮುಗಿದಿಲ್ಲ.